ಮ್ಯಾಮೊಗ್ರಾಂ ನಂತರ ಬಯಾಪ್ಸಿ: ಎಡವುವುದು ಎಲ್ಲಿ?

ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ, ವರದಿಯ ಕೊನೆಯಲ್ಲಿ 'ಬೈರಾಡ್ಸ್' ಎಂಬ ಪದದ ಪಕ್ಕ ಒಂದು ಅಂಕಿ ಇರುತ್ತದೆ. ಮೊದಲು ಅದನ್ನು ನೋಡಿ. 4 ಎಂದಿದ್ದರೆ ಕ್ಯಾನ್ಸರಿನ ನಾಲ್ಕನೇ ಹಂತ ಎಂದು ತಿಳಿದು ಮನೆಮಂದಿಯೆಲ್ಲ ಕಂಗಾಲಾಗುವುದುಂಟು. ಈ ಅಂಕಿಗೂ ಕ್ಯಾನ್ಸರಿನ ಹಂತಕ್ಕೂ ಸಂಬಂಧವೇ ಇಲ್ಲ. ಚಿತ್ರದಲ್ಲಿ ಕಂಡದ್ದು ಎಷ್ಟು ಅನುಮಾನಾಸ್ಪದ ಎನ್ನುವುದನ್ನಷ್ಟೇ ಅದು ಹೇಳುತ್ತದೆ.

0 ಎಂದರೆ ತೀರ್ಮಾನಕ್ಕೆ ಚಿತ್ರ ಸಾಲದು. ಇನ್ನೊಂದು ಕೋನದಿಂದ ತೆಗೆಯಬೇಕು, ಅಲ್ಟ್ರಾಸೌಂಡ್ ಮಾಡಬೇಕು ಅಥವಾ ಹಳೆಯ ಚಿತ್ರದೊಂದಿಗೆ ಹೋಲಿಸಬೇಕು. 1 ಮತ್ತು 2ರಲ್ಲಿ ಅನುಮಾನಪಡುವಂಥದ್ದು ಕಂಡಿಲ್ಲ. ಆದರೆ ಕೈಗೆ ಗಂಟು ಸಿಗುತ್ತಿದ್ದರೆ, ಮ್ಯಾಮೊಗ್ರಾಂ ಚೆನ್ನಾಗಿದೆ ಎಂದು ಸುಮ್ಮನಾಗಬೇಡಿ. 3ರಲ್ಲಿ ಕ್ಯಾನ್ಸರ್ ಸಾಧ್ಯತೆ ಶೇ 2ನ್ನು ಮೀರುವುದಿಲ್ಲ, ಸಾಮಾನ್ಯವಾಗಿ 6 ತಿಂಗಳಿಗೆ ಮತ್ತೆ ನೋಡುತ್ತಾರೆ. ಬಯಾಪ್ಸಿ, ಅಂದರೆ ಅಂಗಾಂಶದ ಚೂರು ತೆಗೆದು ಪರೀಕ್ಷಿಸುವುದು, ಬೇಕಾಗುವುದು 4 ಮತ್ತು 5ಕ್ಕೆ. 4ರಲ್ಲೇ ಮೂರು ಬಗೆ: 4ಎ ಆದರೆ ಸಾಧ್ಯತೆ ಶೇ 2ರಿಂದ 10, 4ಬಿ ಆದರೆ 10ರಿಂದ 50, 4ಸಿ ಆದರೆ 50ರಿಂದ 95. 5 ಎಂದರೆ ಶೇ 95 ಅಥವಾ ಅದಕ್ಕೂ ಹೆಚ್ಚು. ವರದಿಯಲ್ಲಿ ಬರೀ '4' ಎಂದಿದ್ದರೆ ಎ, ಬಿ, ಸಿಗಳಲ್ಲಿ ಯಾವುದು ಎಂದು ರೇಡಿಯಾಲಜಿಸ್ಟ್ ಹತ್ತಿರ ಕೇಳಿ.

ಹಳೆಯ ಮ್ಯಾಮೊಗ್ರಾಂ ಇದ್ದರೆ ಸಿ.ಡಿ. ಸಮೇತ ಹುಡುಕಿಟ್ಟುಕೊಳ್ಳಿ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಫೋಟೊ ಯಾವ ವೈದ್ಯರಿಗೂ ಪ್ರಯೋಜನಕ್ಕೆ ಬರುವುದಿಲ್ಲ.

ಯಾವ ಬಯಾಪ್ಸಿ?

ಹೆಚ್ಚಿನ ಪ್ರಕರಣಗಳು ಕೆಡುವುದು ಇಲ್ಲಿಯೇ. 'ಚಿಕ್ಕ ಗಡ್ಡೆ, ತೆಗೆದೇ ಬಿಡೋಣ, ಆಮೇಲೆ ಟೆಸ್ಟಿಗೆ ಕಳಿಸೋಣ' ಎಂಬ ಮಾತು ಕೇಳಲು ಹಿತವಾಗಿರುತ್ತದೆ. ಒಪ್ಪಬೇಡಿ. ಅದು ಕ್ಯಾನ್ಸರ್ ಎಂದು ಮೊದಲೇ ಗೊತ್ತಿಲ್ಲದೆ ತೆಗೆದಾಗ ಸುತ್ತಲಿನ ಅಂಚಿನಲ್ಲಿ ರೋಗ ಉಳಿಯಬಹುದು, ಕಂಕುಳಿನ ಗ್ರಂಥಿಗಳ ಪರೀಕ್ಷೆ ಆಗಿರುವುದಿಲ್ಲ, ಕೊಯ್ದ ಗಾಯ ಮುಂದಿನ ಶಸ್ತ್ರಚಿಕಿತ್ಸೆಗೆ ಅಡ್ಡಬರುವ ಜಾಗದಲ್ಲಿರಬಹುದು. ಕೊನೆಗೆ ಎರಡನೇ ಸಲ ಆಪರೇಷನ್ ಟೇಬಲ್ ಹತ್ತಬೇಕಾಗುತ್ತದೆ. ಅದು ಕ್ಯಾನ್ಸರ್ ಅಲ್ಲದಿದ್ದರೆ ಆ ಆಪರೇಷನ್ ಬೇಕೇ ಇರಲಿಲ್ಲವೇನೋ.

ಬರೀ ಎಫ್‌ಎನ್‌ಎಸಿ ಕೂಡ ಸಾಲದು. ಈ ಪರೀಕ್ಷೆಯ ಸಪೂರ ಸೂಜಿಯಿಂದ ಬಿಡಿ ಜೀವಕೋಶಗಳಷ್ಟೇ ಬರುತ್ತವೆ. ರೋಗ ಹಾಲಿನ ನಾಳದೊಳಗೇ ಇದೆಯೋ ಹೊರಗೆ ಹಬ್ಬಿದೆಯೋ ಅದರಿಂದ ತಿಳಿಯದು. ಕಡಿಮೆ ದುಡ್ಡಿಗೆ, ಬೇಗ ಆಗುತ್ತದೆ ಎಂದು ಮಾಡಿಸಿಕೊಂಡವರು ಆಮೇಲೆ ದಪ್ಪ ಸೂಜಿಯಿಂದ ಅಂಗಾಂಶದ ಚೂರನ್ನೇ ತೆಗೆಯುವ ಕೋರ್ ಬಯಾಪ್ಸಿಯನ್ನೂ ಮಾಡಿಸಬೇಕಾಗುತ್ತದೆ. ಮೊದಲೇ ಅದನ್ನೇ ಕೇಳಿ. ಅಲ್ಟ್ರಾಸೌಂಡಿನಲ್ಲಿ ಕಾಣುವ ಗಂಟಿಗೆ ಸಾಮಾನ್ಯವಾಗಿ 14 ಗೇಜಿನ ಸೂಜಿ ಬಳಸಿ, ಪರದೆ ನೋಡುತ್ತಲೇ ನಾಲ್ಕೈದು ಚೂರು ತೆಗೆಯುತ್ತಾರೆ.

ಗಂಟಿಲ್ಲದೆ, ಉಪ್ಪಿನ ಹರಳು ಚೆಲ್ಲಿದಂತೆ ಕ್ಯಾಲ್ಸಿಫಿಕೇಷನ್ (ಕ್ಯಾಲ್ಸಿಯಂನ ಸಣ್ಣ ಕಣಗಳು) ಮಾತ್ರ ಕಂಡಿದ್ದರೆ ಅದು ಅಲ್ಟ್ರಾಸೌಂಡಿಗೆ ಸಿಗದಿರಬಹುದು. ಆಗ ಮ್ಯಾಮೊಗ್ರಾಂ ಯಂತ್ರದ ನೆರವಿನಿಂದಲೇ ಸೂಜಿ ಹಾಕುವ ಸ್ಟೀರಿಯೊಟ್ಯಾಕ್ಟಿಕ್ ಬಯಾಪ್ಸಿ ಬೇಕು. ಈ ಸೌಲಭ್ಯ ಎಲ್ಲ ಊರಲ್ಲೂ ಇಲ್ಲ. ಹೊರಡುವ ಮೊದಲು ಫೋನ್ ಮಾಡಿ ವಿಚಾರಿಸಿ. ತೆಗೆದ ಚೂರುಗಳ ಎಕ್ಸ್-ರೇ ತೆಗೆದು, ಕ್ಯಾಲ್ಸಿಫಿಕೇಷನ್ ಅದರಲ್ಲಿ ಬಂದಿದೆಯೇ ಎಂದು ಅಲ್ಲೇ ನೋಡಬೇಕು. ಬಂದಿಲ್ಲದಿದ್ದರೆ ಆ ಬಯಾಪ್ಸಿ ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎನ್ನುವುದು ಸುಳ್ಳು. ಇನ್ನು ಬಯಾಪ್ಸಿ ಬದಲು ಸಿಎ 15-3 ರಕ್ತಪರೀಕ್ಷೆ ಮಾಡಿಸಿ ನಾರ್ಮಲ್ ಬಂತೆಂದು ನೆಮ್ಮದಿಪಡುವವರಿದ್ದಾರೆ. ಮೊದಲ ಹಂತದ ಕ್ಯಾನ್ಸರಿದ್ದರೂ ಅದು ನಾರ್ಮಲ್ ಬರಬಹುದು, ದುಡ್ಡು ದಂಡ.

ಆ ದಿನ

ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಮುಂದೆ ಗುಂಡಿಯಿರುವ ರವಿಕೆ ಅಥವಾ ಟಾಪ್ ಹಾಕಿಕೊಳ್ಳಿ, ಬಿಗಿಯಾದ ಬ್ರಾ ಜೊತೆಗಿರಲಿ. ಪೌಡರ್, ಡಿಯೊಡರೆಂಟ್ ಬೇಡ: ಅವುಗಳ ಕಣಗಳು ಮ್ಯಾಮೊಗ್ರಾಂನಲ್ಲಿ ಕ್ಯಾಲ್ಸಿಫಿಕೇಷನ್‌ನಂತೆಯೇ ಕಾಣಬಹುದು. ಮರಗಟ್ಟುವ ಇಂಜೆಕ್ಷನ್ ಚುರುಗುಟ್ಟುತ್ತದೆ, ಆಮೇಲೆ ಒತ್ತಡವಷ್ಟೇ ತಿಳಿಯುತ್ತದೆ. ಪ್ರತಿ ಚೂರು ತೆಗೆಯುವಾಗಲೂ 'ಟಕ್' ಎಂದು ಜೋರು ಸದ್ದು ಬರುತ್ತದೆ. ಬೆಚ್ಚಿ ಅಲುಗದಂತೆ ಮೊದಲು ಒಮ್ಮೆ ಸದ್ದು ಕೇಳಿಸಿ ಎನ್ನಿ. ಮುಗಿದ ಮೇಲೆ ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಮನೆಗೆ ಬಂದು ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಬಿಸಿ ಶಾಖ, ಎಣ್ಣೆ ತಿಕ್ಕುವುದು, ನೀರಿನ ಕೊಡ ಎತ್ತುವುದು ಬೇಡ. ಚರ್ಮ ನೀಲಿಗಟ್ಟುವುದು ಸಹಜ. ರಕ್ತ ನಿಲ್ಲದಿದ್ದರೆ, ಊತ ಹೆಚ್ಚುತ್ತಿದ್ದರೆ, ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಎಷ್ಟೋ ಕಡೆ ಚೂರಿನ ಬಾಟಲಿಯನ್ನು ಮನೆಯವರ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುತ್ತಾರೆ. ಒಳಗಿರುವುದು ಚೂರು ಕೆಡದಂತೆ ಕಾಯುವ ಶೇ 10ರ ಫಾರ್ಮಲಿನ್ ಎಂದು ಕೇಳಿ ಖಚಿತಪಡಿಸಿಕೊಳ್ಳಿ, ಸಲೈನ್ (ಉಪ್ಪುನೀರು) ಅಲ್ಲ. ತೆಗೆದ 1 ಗಂಟೆಯೊಳಗೆ ಚೂರು ಅದರಲ್ಲಿ ಮುಳುಗಿರಬೇಕು, 6ರಿಂದ 72 ಗಂಟೆ ಅದರಲ್ಲೇ ಇರಬೇಕು. ಶನಿವಾರ ಸಂಜೆ ತೆಗೆದ ಚೂರು ಸೋಮವಾರದವರೆಗೆ ಸಲೈನಿನಲ್ಲಿ ಕೂತರೆ ಇಆರ್, ಪಿಆರ್ (ಹಾರ್ಮೋನ್ ಗ್ರಾಹಕಗಳು), ಹರ್-2 (ಒಂದು ಪ್ರೋಟೀನ್) ಪರೀಕ್ಷೆಗಳ ಫಲಿತಾಂಶವನ್ನು ನಂಬುವಂತಿಲ್ಲ. ಕ್ಯಾನ್ಸರ್ ಆಗಿದ್ದರೆ ಯಾವ ಔಷಧಿ ಎಂದು ನಿರ್ಧಾರವಾಗುವುದು ಈ ಮೂರರ ಮೇಲೆಯೇ.

ವರದಿ ಬಂದ ಮೇಲೆ

'ಕ್ಯಾನ್ಸರ್ ಇಲ್ಲ' ಎಂದು ಬಂದರೂ ಇನ್ನೊಂದು ಪ್ರಶ್ನೆ ಉಳಿದಿದೆ: ಚಿತ್ರದಲ್ಲಿ ಕಂಡದ್ದಕ್ಕೂ ಈ ಉತ್ತರಕ್ಕೂ ತಾಳೆಯಾಗುತ್ತದೆಯೇ? ಬೈರಾಡ್ಸ್ 4ಬಿಗೆ ಫೈಬ್ರೊಅಡಿನೋಮ (ಕ್ಯಾನ್ಸರ್ ಅಲ್ಲದ ಗಂಟು) ಎಂದು ಬಂದರೆ ತಾಳೆಯಾಗಬಹುದು. 5ಕ್ಕೆ 'ಸಾಮಾನ್ಯ ಸ್ತನ ಅಂಗಾಂಶ' ಎಂದು ಬಂದರೆ ಸೂಜಿ ಗುರಿ ತಪ್ಪಿದೆ ಎಂದೇ ಎಣಿಸಿ ಮತ್ತೊಮ್ಮೆ ಬಯಾಪ್ಸಿ ಮಾಡಬೇಕು. ಅದೇ ವೇಳೆ, ಕ್ಷಯ ಮತ್ತು ಗ್ರ್ಯಾನುಲೊಮಾಟಸ್ ಮಾಸ್ಟೈಟಿಸ್ ಎಂಬ ಉರಿಯೂತ ಕ್ಯಾನ್ಸರಿನಂತೆಯೇ ಕಾಣುವುದುಂಟು. ಆಗ ಚಿಕಿತ್ಸೆಯ ದಾರಿಯೇ ಬೇರೆ. 'ಅಟಿಪಿಕಲ್' (ಕ್ಯಾನ್ಸರ್ ಅಲ್ಲದಿದ್ದರೂ ಸಹಜವಲ್ಲದ ಜೀವಕೋಶ) ಎಂಬ ಪದವಿದ್ದರೆ ಆ ಭಾಗವನ್ನು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಿಂದ ತೆಗೆದು ಪೂರ್ತಿ ಪರೀಕ್ಷಿಸುತ್ತಾರೆ.

ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಪಡೆಯಬೇಕೆಂದಿದ್ದರೆ ಕಾಗದದ ವರದಿಯೊಂದನ್ನೇ ಹಿಡಿದು ಹೊರಡಬೇಡಿ. ಲ್ಯಾಬಿಗೆ ಅರ್ಜಿ ಕೊಟ್ಟು ಸ್ಲೈಡುಗಳನ್ನೂ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಪಡೆಯಿರಿ. ಬ್ಲಾಕ್ ಬಿಸಿಲಿಗೆ ಕರಗುತ್ತದೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ.