ಎರಡು ಪಾತ್ರೆ ಕಡಲ ನೀರು: ಪಾಠವನ್ನು ಮಕ್ಕಳೇ ಕಟ್ಟಿಕೊಳ್ಳುವಂತೆ ಮಾಡುವುದು ಹೇಗೆ?

ಆವಿಯಾಗುವಿಕೆ ಎಂದರೇನು ಎಂದು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದರೆ ಅದು ಪರೀಕ್ಷೆಯ ತನಕ ಉಳಿದೀತು, ಅಷ್ಟೆ. ಮಗು ತನಗೆ ಗೊತ್ತಿರುವುದರ ಮೇಲೆಯೇ ಹೊಸದನ್ನು ಕಟ್ಟಿಕೊಳ್ಳುತ್ತದೆ ಎನ್ನುತ್ತದೆ ರಚನಾವಾದ. ಮನಶ್ಶಾಸ್ತ್ರಜ್ಞರಾದ ಪಿಯಾಜೆ, ವೈಗೋಟ್ಸ್ಕಿ ಅವರ ಚಿಂತನೆಯಿಂದ ಬೆಳೆದ ಈ ವಿಚಾರ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೂ ಇದೆ. ಗೋಕರ್ಣದ ಬಳಿ ಸಾಣಿಕಟ್ಟಾದ ಉಪ್ಪಿನಗದ್ದೆ ಕಂಡಿರುವ ನಮ್ಮ ಕರಾವಳಿಯ ಮಕ್ಕಳಿಗೆ ಗೊತ್ತಿರುವುದು ಕಡಿಮೆಯೇನಲ್ಲ.

ಎರಡು ಪಾತ್ರೆಗಳಲ್ಲಿ ಕಡಲ ನೀರನ್ನು ಬಿಸಿಲಿಗಿಟ್ಟು ಒಣಗಿಸುವ ಈ ಪ್ರಯೋಗವನ್ನು ಜನವರಿಯಿಂದ ಮಾರ್ಚ್ ಒಳಗೆ ಮಾಡಿ, ಮಳೆಗಾಲದಲ್ಲಿ ಆಗದು. ನೀರು ತೆರೆದ ಕಡಲಿನದೇ ಬೇಕು. ಕಾಳಿ, ಅಘನಾಶಿನಿ ಅಳಿವೆಯ ನೀರಿಗೆ ಸಿಹಿನೀರು ಬೆರೆತಿರುತ್ತದೆ, ಲೆಕ್ಕ ತಪ್ಪುತ್ತದೆ. ನಾಲ್ಕು ಮಕ್ಕಳಿಗೊಂದು ಗುಂಪು. ಆರೇಳು ಜನರಾದರೆ ಇಬ್ಬರು ಕೆಲಸ ಮಾಡಿ ಉಳಿದವರು ನೋಡುತ್ತ ನಿಲ್ಲುತ್ತಾರೆ. ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ, ಸುಮಾರು 25 ಸೆಂ.ಮೀ. ಅಗಲದ ಪಿಂಗಾಣಿ ತಟ್ಟೆಗೆ 200 ಮಿ.ಲೀ., ಗಾಜಿನ ಲೋಟಕ್ಕೆ 200 ಮಿ.ಲೀ. ಹಾಕಿಸಿ.

ಬಿಸಿಲಿಗೆ ಇಡುವ ಮೊದಲು ಐದು ನಿಮಿಷ ಯಾರೂ ಮಾತಾಡಬಾರದು. ಯಾವುದು ಮೊದಲು ಒಣಗುತ್ತದೆ, ಏನು ಉಳಿಯುತ್ತದೆ, ಯಾಕೆ? ಪ್ರತಿ ಮಗು ಒಂಟಿಯಾಗಿ ಬರೆಯಲಿ. ಇಡೀ ಪಾಠದ ಜೀವ ಇಲ್ಲಿದೆ. "ಉಪ್ಪೂ ನೀರಿನ ಜೊತೆ ಮೇಲೆ ಹೋಗ್ತದೆ" ಎಂದು ಕೆಲವರಾದರೂ ಬರೆದಾರು. ಅದಕ್ಕೆ ಗೀಟು ಹಾಕಬೇಡಿ. "ಹಾಗೆ ಯಾಕೆ ಅನ್ನಿಸ್ತು?" ಎಂದು ಕೇಳಿ ಕಾಯಿರಿ. ಸರಿ ಉತ್ತರಕ್ಕೆ ನಿಮ್ಮ ಮುಖ ಅರಳಿದರೂ ಸಾಕು, ಉಳಿದವರು ಯೋಚನೆ ನಿಲ್ಲಿಸಿ ಅದನ್ನೇ ಹಿಡಿಯುತ್ತಾರೆ.

ಆ ಮಗುವಿನ ಊಹೆಯನ್ನು ಪರೀಕ್ಷಿಸಲು ನೀವೇ ಸ್ವಲ್ಪ ಕಡಲ ನೀರು ಕುದಿಸಿ, ಉಕ್ಕದಂತೆ ನೋಡಿಕೊಂಡು, ತಣ್ಣನೆಯ ಮುಚ್ಚಳ ಹಿಡಿಯಿರಿ. ಮುಚ್ಚಳದ ಒಂದು ಹನಿ ಪಾಟಿಯ ಮೇಲೆ, ಪಕ್ಕದಲ್ಲೇ ಕಡಲ ನೀರಿನ ಒಂದು ಹನಿ. ಒಣಗಿದ ಮೇಲೆ ಎರಡನೆಯದು ಮಾತ್ರ ಬಿಳಿ ಗುರುತು ಬಿಡುತ್ತದೆ. ಉತ್ತರವನ್ನು ಪಾಟಿಯೇ ಹೇಳಲಿ.

ತಟ್ಟೆ, ಲೋಟಗಳನ್ನು ರಾತ್ರಿ ಒಳಗಿಡಿ, ಇಬ್ಬನಿ ಬೀಳುತ್ತದೆ. ಒಳ್ಳೆಯ ಬಿಸಿಲಿದ್ದರೆ ಒಂದೆರಡು ದಿನದಲ್ಲಿ ತಟ್ಟೆಯಲ್ಲಿ ಉಪ್ಪು ಕಾಣುತ್ತದೆ. ಲೋಟದ ನೀರು ಅರ್ಧಕ್ಕೂ ಇಳಿದಿರುವುದಿಲ್ಲ. ಉಪ್ಪಿನಗದ್ದೆಯನ್ನು ಬಾವಿಯಂತೆ ಆಳ ತೋಡದೆ ಅಗಲ ಮಾಡುವುದೇಕೆ ಎಂದು ಆಗ ಕೇಳಿ.

ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವುದರಿಂದ ತಟ್ಟೆಯಲ್ಲಿ 7 ಗ್ರಾಂ ಸಿಗಬೇಕು. ತಕ್ಕಡಿ ಹೆಚ್ಚು ತೋರಿಸಿದರೆ, ತಟ್ಟೆ ಒದ್ದೆಯಾಗೇ ಉಳಿದರೆ ಪ್ರಯೋಗ ಕೆಟ್ಟಿತೆಂದು ಚೆಲ್ಲಬೇಡಿ. ಕಡಲ ನೀರಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಎಂಬ ಲವಣ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಉಪ್ಪು ಮಾಡುವವರು, ಉಪ್ಪು ಹರಳಾದ ಮೇಲೆ ಕೊನೆಗೆ ಉಳಿಯುವ ಕಹಿನೀರನ್ನು ಬಸಿದು ಬಿಡುವುದೂ ಇದಕ್ಕೇ.

ಕೊನೆಗೆ, ಮೊದಲ ಊಹೆಯನ್ನು ಅಳಿಸದೆ ಅದರ ಕೆಳಗೇ ಹೊಸ ಉತ್ತರ ಬರೆಸಿ, ಯಾವುದನ್ನು ನೋಡಿ ಮನಸ್ಸು ಬದಲಾಯಿತು ಎಂಬ ಒಂದು ಸಾಲಿನೊಂದಿಗೆ. ಅಂಕ ಕೊಡುವುದಿದ್ದರೆ ಆ ಸಾಲಿಗೆ ಕೊಡಿ.