ಬುಕ್ ಮಾಡಿದ ಮೇಲೂ ರೇಟು ನೋಡಿ: ಹೋಟೆಲ್, ಫ್ಲೈಟ್ ಬಗ್ಗೆ ನನ್ನ ಅನುಭವ

ರೂಮು ಬುಕ್ ಆದ ತಕ್ಷಣ ಎಲ್ಲರೂ ಆ್ಯಪ್ ಮುಚ್ಚಿಬಿಡುತ್ತಾರೆ. ನನ್ನ ಕೆಲಸ ಶುರುವಾಗುವುದೇ ಅಲ್ಲಿಂದ. ಇದನ್ನು ಹೇಳಿದಾಗ ಮನೆಯವರೂ ನಂಬಲಿಲ್ಲ, ಗೆಳೆಯರೂ ನಂಬಲಿಲ್ಲ. "ಕೊನೇ ವಾರ ತಗೊಂಡ್ರೆ ಅಗ್ಗಕ್ಕೆ ಸಿಗುತ್ತೆ, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯ" ಅಂದರು. ಈ ಸಲದ ನಾಲ್ಕು ಜನರ ಪ್ರವಾಸದಲ್ಲಿ ಹೋಟೆಲ್ ಖರ್ಚು ಹೆಚ್ಚುಕಡಿಮೆ ಕಾಲು ಭಾಗ ಇಳಿಯಿತು. ಟಿಕೆಟ್ ಖರ್ಚಿನಲ್ಲಿ ಆರನೇ ಒಂದು ಭಾಗ ಉಳಿಯಿತು. ನೆನಪಿನಿಂದ ಹೇಳುತ್ತಿದ್ದೇನೆ, ಚೂರು ಆಚೀಚೆ ಇರಬಹುದು. ಅನುಮಾನ ಪಟ್ಟವರೇ ಈಗ "ನಮ್ಮದೂ ಸ್ವಲ್ಪ ನೋಡಿಕೊಡು" ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹೋಟೆಲ್. ದುಡ್ಡು ಜಾಸ್ತಿ ಉಳಿದದ್ದು ಅಲ್ಲೇ. ತಾರೀಖು ಗಟ್ಟಿಯಾದ ದಿನವೇ ಉಚಿತವಾಗಿ ಕ್ಯಾನ್ಸಲ್ ಮಾಡಬಹುದಾದ ರೂಮು ಹಿಡಿದುಬಿಡುತ್ತೇನೆ. ರೀಫಂಡ್ ಇಲ್ಲದ ರೇಟು ಅದಕ್ಕಿಂತ ನೂರಕ್ಕೆ ಹತ್ತು ಹದಿನೈದರಷ್ಟು ಕಮ್ಮಿ ಕಾಣುತ್ತದೆ. ಬಹಳ ಜನ ಅದಕ್ಕೇ ಮನಸೋಲುತ್ತಾರೆ. ಆಮೇಲೆ ರೇಟು ಎಷ್ಟೇ ಬಿದ್ದರೂ ಕೈಕಟ್ಟಿ ಕೂರಬೇಕು. ನಾನು ಆ ಹತ್ತು ಹದಿನೈದನ್ನು ಮೊದಲೇ ಬಿಟ್ಟುಕೊಟ್ಟು, ಆಮೇಲೆ ಇಪ್ಪತ್ತು ಮೂವತ್ತಕ್ಕೆ ಕಾಯುತ್ತೇನೆ.

ವಾರಕ್ಕೊಮ್ಮೆ ಅದೇ ಹೋಟೆಲ್, ಅದೇ ರೂಮು, ಅದೇ ತಾರೀಖು ಹಾಕಿ ನೋಡುತ್ತೇನೆ. ಹೊರಡುವ ದಿನ ಹತ್ತಿರವಾದಂತೆ ದಿನಾ ನೋಡುತ್ತೇನೆ. ಕ್ಯಾನ್ಸಲ್ ಗಡುವಿನ ಹಿಂದಿನ ಎರಡು ಮೂರು ದಿನ ಬಹಳ ಮುಖ್ಯ. ಎರಡೆರಡು ಕಡೆ ರೂಮು ಹಿಡಿದಿಟ್ಟವರು ಒಂದನ್ನು ಬಿಟ್ಟುಕೊಡುವುದು ಆಗಲೇ. ನನಗೆ ಒಳ್ಳೆಯ ರೇಟು ಸಿಕ್ಕಿದ್ದೆಲ್ಲ ಹೆಚ್ಚಾಗಿ ಆ ದಿನಗಳಲ್ಲಿ. ರೇಟು ಇಳಿದಿದ್ದರೆ ಹೊಸದಾಗಿ ಬುಕ್ ಮಾಡಿ ಹಳೆಯದನ್ನು ಕ್ಯಾನ್ಸಲ್ ಮಾಡುತ್ತೇನೆ. ಹೊಸದು ಕನ್‌ಫರ್ಮ್ ಆಗುವ ತನಕ ಹಳೆಯದನ್ನು ಮುಟ್ಟುವುದಿಲ್ಲ. ಗಡುವಿನ ಗಂಟೆ ಸಾಮಾನ್ಯವಾಗಿ ಹೋಟೆಲ್ ಇರುವ ಊರಿನ ಸಮಯದ್ದು, ನಮ್ಮದಲ್ಲ. ನಾನು ಆ ಊರಿನ ಸಮಯ ಲೆಕ್ಕ ಹಾಕಿಯೇ ಅಲಾರಂ ಇಡುತ್ತೇನೆ.

ಇನ್ನೊಂದು ಕೆಲಸ ಸ್ವಲ್ಪ ಬೇಜಾರಿನದು, ಆದರೆ ಫಲ ಕೊಟ್ಟಿತು. ಐದು ರಾತ್ರಿಗೆ ಹುಡುಕಿದರೆ ಸೈಟು ಒಟ್ಟು ಮೊತ್ತ ಇಲ್ಲವೇ ಸರಾಸರಿ ತೋರಿಸುತ್ತದೆ. ನಾನು ಒಂದೊಂದೇ ರಾತ್ರಿ ಹಾಕಿ ಹಾಳೆಯಲ್ಲಿ ಬರೆದುಕೊಂಡೆ. ಮೊದಲ ಎರಡು ರಾತ್ರಿ ಹೆಚ್ಚುಕಡಿಮೆ ಒಂದೇ ರೇಟು. ಮೂರನೆಯದು ಅದರ ಒಂದೂಮುಕ್ಕಾಲು ಪಟ್ಟು. ನಾಲ್ಕು, ಐದು ಮತ್ತೆ ಕೆಳಗೆ. ಆ ಒಂದು ದಿನ ಊರಲ್ಲಿ ದೊಡ್ಡ ಸಮ್ಮೇಳನ ಇತ್ತು. ಆಗ ಹೊಳೆದದ್ದು, ಊರುಗಳ ಸರದಿಯನ್ನೇ ತಿರುಗಿಸುವುದು. ಕಚೇರಿಗಳು ತುಂಬಿದ ಜಾಗದ ಹೋಟೆಲ್‌ಗಳು ಸೋಮವಾರದಿಂದ ಗುರುವಾರದ ತನಕ ದುಬಾರಿ, ವಾರಾಂತ್ಯಕ್ಕೆ ಅಗ್ಗ. ಸಮುದ್ರ ತೀರದ ರೆಸಾರ್ಟ್‌ಗಳದ್ದು ತದ್ವಿರುದ್ಧ. ನಾವು ಮೊದಲು ನಗರ, ಆಮೇಲೆ ತೀರ ಅಂದುಕೊಂಡಿದ್ದೆವು. ತೀರ ಮೊದಲು ಮಾಡಿ, ನಗರವನ್ನು ಶುಕ್ರವಾರಕ್ಕೆ ತಳ್ಳಿದೆ. ಅವೇ ಹೋಟೆಲ್‌ಗಳು, ಅಷ್ಟೇ ರಾತ್ರಿಗಳು. ಇದೊಂದರಿಂದಲೇ ಐದನೇ ಒಂದು ಭಾಗ ಇಳಿಯಿತು. ಈ ಯೋಚನೆ ಬಗ್ಗೆ ನನಗೆ ಹೆಮ್ಮೆ ಇದೆ.

ಹತ್ತು ಸೈಟು ತಿರುಗುವುದನ್ನು ನಾನು ಬಿಟ್ಟಿದ್ದೇನೆ. ಬುಕಿಂಗ್ ಡಾಟ್ ಕಾಮ್, ಅಗೋಡ, ಪ್ರೈಸ್‌ಲೈನ್, ಕಯಾಕ್ ಎಲ್ಲ ಒಂದೇ ಕಂಪನಿಯವು. ಎಕ್ಸ್‌ಪೀಡಿಯ, ಹೋಟೆಲ್ಸ್ ಡಾಟ್ ಕಾಮ್, ಆರ್ಬಿಟ್ಜ್ ಇನ್ನೊಂದರವು. ಒಂದೇ ಗುಂಪಿನೊಳಗೂ ರೇಟು ಬೇರೆ ಬರುವುದುಂಟು, ಇಲ್ಲವೆನ್ನಲ್ಲ. ಆದರೆ ಎರಡೂ ಕಡೆಯಿಂದ ಒಂದೊಂದು ನೋಡಿದರೆ ನನಗೆ ಸಾಕು. ಆಮೇಲೆ ನೇರ ಹೋಟೆಲ್‌ಗೇ ಫೋನ್. ಸೈಟಿಗೆ ಅವರು ಒಳ್ಳೆಯ ಕಮಿಷನ್ ಕಟ್ಟುತ್ತಾರೆ. ಅದರಲ್ಲಿ ಒಂದು ಪಾಲು ನಮಗೆ ಬಿಡಲು ಸಣ್ಣ ಹೋಟೆಲ್‌ಗಳು ತಯಾರಿರುತ್ತವೆ. ರೇಟು ಇಳಿಸದಿದ್ದರೆ ಬೆಳಗಿನ ತಿಂಡಿ ಸೇರಿಸುತ್ತಾರೆ, ಇಲ್ಲವೇ ಚೆಕ್‌ಔಟ್ ತಡ ಮಾಡಲು ಒಪ್ಪುತ್ತಾರೆ. ಫೋನ್ ಮಾಡುವುದು ಮಧ್ಯಾಹ್ನ, ಚೆಕ್‌ಇನ್ ಗದ್ದಲ ಶುರುವಾಗುವ ಮೊದಲು. ಮೊದಲು ಏನು ಕೇಳುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಕೇಳಲು ಶುರು ಮಾಡಿದರೆ ಅದು ನಡೆಯುವುದಿಲ್ಲ.

ಈಗ ಫ್ಲೈಟ್. ಡೇಟ್ ಗ್ರಿಡ್ (ಯಾವ ದಿನ ಎಷ್ಟು ರೇಟು ಅಂತ ತೋರಿಸುವ ಪಟ್ಟಿ), ಪ್ರೈಸ್ ಅಲರ್ಟ್ (ರೇಟು ಬದಲಾದರೆ ಬರುವ ಸೂಚನೆ) ಎಲ್ಲ ನಿಮಗೆ ಗೊತ್ತಿರುವುದೇ. ನನಗೆ ದುಡ್ಡು ಉಳಿದದ್ದು ಬೇರೆ ಕಡೆ. ನಾಲ್ಕು ಜನಕ್ಕೆ ಹುಡುಕುವ ಮೊದಲು ಒಬ್ಬರಿಗೆ ಹುಡುಕಿ. ಅಗ್ಗದ ಫೇರ್‌ನಲ್ಲಿ ಎರಡೇ ಸೀಟು ಉಳಿದಿದ್ದರೆ, ನಾಲ್ಕು ಸೀಟು ಕೇಳಿದವರಿಗೆ ಸಾಮಾನ್ಯವಾಗಿ ನಾಲ್ಕನ್ನೂ ಮೇಲಿನ ಫೇರ್‌ನಲ್ಲೇ ತೋರಿಸುತ್ತದೆ. ನಮಗೆ ಹಾಗೇ ಆಯಿತು. ಒಬ್ಬರಿಗೆ ಹಾಕಿದಾಗ ಕಮ್ಮಿ, ಇಬ್ಬರಿಗೂ ಅಷ್ಟೇ, ಮೂರಕ್ಕೆ ಹೋದ ತಕ್ಷಣ ತಲೆಗೆ ಇಷ್ಟು ಅಂತ ಏರಿತು. ಎರಡು ಎರಡಾಗಿ ಒಡೆದು ಕೊಂಡೆ. ಎರಡು ಪಿಎನ್‌ಆರ್ ಆಗುತ್ತದೆ, ಅದೊಂದು ತೊಂದರೆ. ಫ್ಲೈಟ್ ರದ್ದಾದರೆ ಇಬ್ಬರನ್ನು ಒಂದು ವಿಮಾನಕ್ಕೆ, ಇನ್ನಿಬ್ಬರನ್ನು ಬೇರೆಯದಕ್ಕೆ ಹಾಕಬಹುದು. ಹಾಗಾಗಿ ಪ್ರತಿ ಪಿಎನ್‌ಆರ್‌ನಲ್ಲೂ ಒಬ್ಬರು ದೊಡ್ಡವರು ಇರಬೇಕು. ಏರ್‌ಲೈನ್‌ಗೆ ಫೋನ್ ಮಾಡಿ ಎರಡನ್ನೂ ಜೋಡಿಸಿ ನೋಟ್ ಹಾಕಿಸಿಕೊಂಡೆ.

ಟಿಕೆಟ್‌ನಲ್ಲೂ ಕೊಂಡ ಮೇಲೆ ನೋಡುತ್ತೇನೆ, ಆದರೆ ಅವಕಾಶ ಕಮ್ಮಿ. ಅಮೆರಿಕಕ್ಕೆ ಹೋಗುವ, ಅಲ್ಲಿಂದ ಹೊರಡುವ ಫ್ಲೈಟ್‌ಗಳಿಗೆ ಒಂದು ನಿಯಮ ಇದೆ. ಹೊರಡಲು 7 ದಿನ ಅಥವಾ ಜಾಸ್ತಿ ಇರುವಾಗ ಏರ್‌ಲೈನ್‌ನಿಂದಲೇ ನೇರ ಕೊಂಡರೆ, 24 ಗಂಟೆಯೊಳಗೆ ಪೂರ್ತಿ ದುಡ್ಡು ವಾಪಸ್ ಪಡೆಯಬಹುದು. ಟಿಕೆಟ್ ಕೊಳ್ಳದೆ ಅಷ್ಟು ಹೊತ್ತು ಫೇರ್ ಹಿಡಿದಿಟ್ಟುಕೊಡುವ ಏರ್‌ಲೈನ್ ಆದರೆ ಈ ರೀಫಂಡ್ ಕೊಡಲೇಬೇಕೆಂದಿಲ್ಲ. ಆ 24 ಗಂಟೆ ನಾನು ಸರಿಯಾಗಿ ಬಳಸುತ್ತೇನೆ.

ಕೆಲಸ ಮಾಡದ ಪ್ರಯೋಗಗಳನ್ನೂ ಹೇಳಬೇಕಲ್ವಾ. ಇನ್‌ಕಾಗ್ನಿಟೊದಲ್ಲಿ (ಹಳೆಯ ಹುಡುಕಾಟದ ನೆನಪು ಇಟ್ಟುಕೊಳ್ಳದ ಬ್ರೌಸರ್ ಕಿಟಕಿ) ರೇಟು ಕಮ್ಮಿ ಅನ್ನುತ್ತಾರೆ. ಎರಡು ಫೋನು, ಎರಡು ಬ್ರೌಸರು ಪಕ್ಕಪಕ್ಕ ಇಟ್ಟು ವಾರಗಟ್ಟಲೆ ನೋಡಿದೆ. ವ್ಯತ್ಯಾಸ ಕಂಡದ್ದು ಅಪರೂಪ. ಕಂಡಾಗಲೂ ಅದು ಹಳೆಯ ರೇಟು ಹಾಗೇ ಉಳಿದದ್ದು, ಪೇಮೆಂಟ್ ಪುಟಕ್ಕೆ ಹೋದರೆ ಎರಡೂ ಒಂದೇ. ಮಂಗಳವಾರ ಕೊಂಡರೆ ಅಗ್ಗ ಅನ್ನುವುದೂ ನನಗೆ ಹುಸಿಯಾಯಿತು. ಬೇರೆ ದೇಶದಲ್ಲಿ ಕೂತು ನೋಡುತ್ತಿರುವಂತೆ ತೋರಿಸುವ ವಿಪಿಎನ್ ಹಾಕಿ ಆ ದೇಶದ ಸೈಟಿನಲ್ಲಿ ನೋಡಿದೆ. ನೂರಕ್ಕೆ ಎರಡು ಮೂರು ಕಮ್ಮಿ ಸಿಕ್ಕಿತು, ಅದನ್ನು ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ನುಂಗಿತು. ಕೊನೇ ವಾರಕ್ಕೆ ಕಾದು ನೋಡಿದ್ದೂ ಉಂಟು. ಹೋಟೆಲ್ ಇಳಿಯಿತು, ಟಿಕೆಟ್ ಏರುತ್ತಲೇ ಹೋಯಿತು. ಕೊನೆಗಳಿಗೆಯಲ್ಲಿ ಕೊಳ್ಳುವವರು ಹೆಚ್ಚಾಗಿ ಕಂಪನಿ ಖರ್ಚಿನಲ್ಲಿ ಹೋಗುವವರು, ಅದು ಏರ್‌ಲೈನ್‌ಗೆ ಗೊತ್ತು. ಮುಂದಿನ ಊರಿಗೆ ಟಿಕೆಟ್ ಕೊಂಡು ನಡುವೆ ಇಳಿದುಬಿಡುವ ಉಪಾಯಕ್ಕೆ ಮಾತ್ರ ನಾನು ಕೈ ಹಾಕಿಲ್ಲ. ಒಂದು ಹಂತ ಬಿಟ್ಟರೆ ವಾಪಸ್ ಟಿಕೆಟ್ಟೂ ರದ್ದಾಗುತ್ತದೆ, ಚೆಕ್‌ಇನ್ ಮಾಡಿದ ಬ್ಯಾಗು ಕೊನೇ ಊರಿಗೇ ಹೋಗುತ್ತದೆ. ಕುಟುಂಬ ಕಟ್ಟಿಕೊಂಡು ಆ ಆಟ ಬೇಡ.

ಒಂದು ಮಧ್ಯವರ್ತಿ ಸೈಟಿನಲ್ಲಿ ಏರ್‌ಲೈನ್‌ಗಿಂತ ಸ್ವಲ್ಪ ಅಗ್ಗಕ್ಕೆ ಟಿಕೆಟ್ ಸಿಕ್ಕಿತ್ತು. ಕೊನೇ ಪುಟದಲ್ಲಿ ಸೀಟು, ಬ್ಯಾಗು, ಸರ್ವಿಸ್ ಚಾರ್ಜು ಅಂತ ಆ ಉಳಿತಾಯದ ಅರ್ಧ ಹೋಯಿತು. ಫ್ಲೈಟ್ ರದ್ದಾದಾಗ ರೀಫಂಡ್‌ಗೆ ತಿಂಗಳುಗಟ್ಟಲೆ ಮೇಲ್ ಬರೆದೆ. ಏರ್‌ಲೈನ್ ಸೈಟಿನವರನ್ನು ಕೇಳಿ ಅಂದಿತು, ಸೈಟಿನವರು ಏರ್‌ಲೈನ್ ಕೇಳಿ ಅಂದರು. ಈಗ ವ್ಯತ್ಯಾಸ ನೂರಕ್ಕೆ ಐದರೊಳಗಿದ್ದರೆ ಏರ್‌ಲೈನ್‌ನಿಂದಲೇ ಕೊಳ್ಳುತ್ತೇನೆ. ಬೇರೆ ಕಡೆ ಕೊಂಡರೂ 13 ಅಂಕಿಯ ಇ-ಟಿಕೆಟ್ ನಂಬರ್ ಬಂದಿದೆಯಾ ಅಂತ ಏರ್‌ಲೈನ್ ಸೈಟಿನಲ್ಲಿ ನೋಡದೆ, ಆ ಪ್ರವಾಸಕ್ಕೆ ರೀಫಂಡ್ ಇಲ್ಲದ ಯಾವುದಕ್ಕೂ ದುಡ್ಡು ಕಟ್ಟುವುದಿಲ್ಲ.

ವಿದೇಶದಲ್ಲಿ ಹೋಟೆಲ್ ಬಿಲ್ ಕಟ್ಟುವಾಗ ಕಾರ್ಡ್ ಮಷೀನು ನಿಮ್ಮ ದೇಶದ ಹಣದಲ್ಲಾ, ಇಲ್ಲಿನ ಹಣದಲ್ಲಾ ಅಂತ ಕೇಳುತ್ತದೆ. ಇಲ್ಲಿನದು, ಅಂದರೆ ಆ ದೇಶದ್ದು ಅಂತಲೇ ಒತ್ತಿ. ಕೆಲವು ಕಡೆ ಕೌಂಟರಿನವರು ಕೇಳದೆಯೇ ನಮ್ಮ ಹಣವನ್ನು ಆರಿಸಿಬಿಡುತ್ತಾರೆ, ಮಷೀನಿನ ದರ ಬ್ಯಾಂಕಿನದಕ್ಕಿಂತ ದುಬಾರಿ. ಹಾಗೆ ಆಗಿದ್ದರೆ ಸ್ಲಿಪ್‌ಗೆ ಸಹಿ ಹಾಕಬೇಡಿ. ಅದನ್ನು ರದ್ದು ಮಾಡಿ ಇನ್ನೊಮ್ಮೆ ಹಾಕಿ ಅಂತ ಹೇಳಿ, ಮಾಡಿಕೊಡುತ್ತಾರೆ.