ಸೀಳು ಅಂಗುಳದ ಮಗುವಿನ ಮಾತಿಗೆ ಹಾಡಿನ ನೆರವು

ಸೀಳು ಅಂಗುಳವಿರುವ ಮಗುವಿಗೆ ಹಾಡು ಆರಿಸುವಾಗ ರಾಗಕ್ಕಿಂತ ಮೊದಲು ಅದರ ಅಕ್ಷರಗಳನ್ನು ನೋಡಬೇಕು. ಪ, ಬ, ತ, ದ, ಕ, ಗ, ಚ, ಸ ಮುಂತಾದವನ್ನು ನುಡಿಯುವಾಗ ಅಂಗುಳದ ಹಿಂದಿನ ಮೆತ್ತನೆಯ ಭಾಗವಾದ ಮೃದು ಅಂಗುಳವು ಮೇಲೆದ್ದು ಗಂಟಲಿನ ಹಿಂಬದಿಗೆ ತಾಗಿ ಮೂಗಿನ ದಾರಿಯನ್ನು ಮುಚ್ಚಿದರೆ ಮಾತ್ರ ಬಾಯಲ್ಲಿ ಉಸಿರಿನ ಒತ್ತಡ ಕೂಡುತ್ತದೆ. ಮ, ನ ಅಕ್ಷರಗಳಿಗೆ ಆ ದಾರಿ ತೆರೆದೇ ಇರಬೇಕು. ಯ, ರ, ಲ, ವ ಮತ್ತು ಸ್ವರಗಳಿಗೆ ಅಷ್ಟು ಒತ್ತಡ ಬೇಡ. ಸರಿಗಮಪದನಿಯಲ್ಲಿ ಈ ಮೂರೂ ಬಗೆಗಳು ಬೆರೆತಿರುವುದರಿಂದ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಆರಂಭದ ಅಭ್ಯಾಸಕ್ಕೆ ಹೊಂದುವುದಿಲ್ಲ.

ಅಂಗುಳದ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ 9ರಿಂದ 18 ತಿಂಗಳ ನಡುವೆ ಮಾಡುತ್ತಾರೆ. ಅದಕ್ಕೆ ಮೊದಲು ಜೋಗುಳವೇ ಸಾಕು. ‘ಲಾಲಿ’ ಎಂಬ ಮಾತಿಗೆ ಉಸಿರಿನ ಒತ್ತಡವೇ ಬೇಡವೆಂಬುದು ನಮ್ಮ ತಾಯಂದಿರಿಗೆ ಸಿಕ್ಕಿರುವ ಅನುಕೂಲ. ಶಸ್ತ್ರಚಿಕಿತ್ಸೆಯ ನಂತರದ ಅಭ್ಯಾಸವನ್ನು ಶಸ್ತ್ರವೈದ್ಯರು ಒಪ್ಪಿದ ಮೇಲೆಯೇ ಆರಂಭಿಸಿ. ಯಾವ ಅಕ್ಷರದಿಂದ ಆರಂಭಿಸಬೇಕೆಂಬುದನ್ನು ವಾಕ್ ಚಿಕಿತ್ಸಕರು ನಿರ್ಧರಿಸಲಿ.

ಆ ಅಕ್ಷರ ‘ಪ’ ಎಂದುಕೊಳ್ಳೋಣ. ಮಗುವಿಗೆ ನಿಮ್ಮ ತುಟಿ ಕಾಣುವಂತೆ ಎದುರು ಕುಳಿತು, ಆದಿತಾಳದ ಎಂಟು ಎಣಿಕೆಗೆ ಒಂದೊಂದು ‘ಪಾ’ ಹಾಕಿ ನಿಧಾನವಾಗಿ ಹಾಡಿ. ನಡುವೆ ಆಟದಂತೆ ಮಗುವಿನ ಮೂಗನ್ನು ಮೃದುವಾಗಿ ಒಮ್ಮೆ ಮುಚ್ಚಿ, ಒಮ್ಮೆ ಬಿಟ್ಟು ನೋಡಿ: ದನಿ ಬದಲಾದರೆ ಉಸಿರು ಮೂಗಿನಿಂದ ಸೋರುತ್ತಿದೆ ಎಂದರ್ಥ. ಕೆಲವು ಮಕ್ಕಳು ತುಟಿಯಲ್ಲಿ ತಡೆಯಬೇಕಾದ ಉಸಿರನ್ನು ಗಂಟಲಲ್ಲೇ ತಡೆದು ‘ಪಾ’ ಬದಲು ಬರಿಯ ‘ಆ’ ಎನ್ನುತ್ತಾರೆ. ಅಂಥವರಿಗೆ ಮಹಾಪ್ರಾಣ ನೆರವಾಗುತ್ತದೆ. ‘ಫಾ ಫಾ’ ಎಂದು ಪಿಸುದನಿಯಲ್ಲಿ ಹಾಡಿಸಿದರೆ ಹೊರಹರಿಯುವ ಉಸಿರು ಗಂಟಲನ್ನು ತೆರೆದಿಡುತ್ತದೆ; ಆಮೇಲೆ ಉಸಿರನ್ನು ಕಡಿಮೆ ಮಾಡುತ್ತ ‘ಪಾ’ ಕಡೆಗೆ ತರಬಹುದು. ಆದರೆ ಇದು ಎರಡೂ ತುಟಿ ಮುಚ್ಚಿ ನುಡಿಯುವ ‘ಫ’ ಆಗಿರಬೇಕೇ ಹೊರತು, ‘ಫ್ಯಾನ್’ ಎನ್ನುವಾಗ ಹಲ್ಲು ತುಟಿಗೆ ತಾಗುವ ‘ಫ’ ಆಗಬಾರದು.

ಅಕ್ಷರ ಕುದುರಿದ ಮೇಲೆ ಪದಗಳನ್ನು ಸೇರಿಸಿ. ‘ಅಪ್ಪ ಬಾ, ಪಾಪು ಬಾ, ಹಪ್ಪಳ ಇಲ್ಲಿವೆ’ ಎಂಬಂಥ ಸಾಲನ್ನು ನೀವೇ ಕಟ್ಟಬಹುದು. ಇದರಲ್ಲಿ ಪ, ಬ ಬಿಟ್ಟರೆ ಒತ್ತಡದ ಅಕ್ಷರವಿಲ್ಲ, ಮ, ನ ಕೂಡ ಇಲ್ಲ. ಕೆಲವು ದಿನಗಳ ನಂತರ ರಾಗವನ್ನು ಕಡಿಮೆ ಮಾಡುತ್ತ ಬಂದು ಅದೇ ಸಾಲನ್ನು ಮಾತಿನಂತೆ ಆಡಿಸಿ. ಈ ಹಂತವನ್ನು ಬಿಟ್ಟರೆ ಅಕ್ಷರ ಹಾಡಿನಲ್ಲೇ ಉಳಿದುಬಿಡುತ್ತದೆ. ದಿನಕ್ಕೆ ಮೂರು ನಾಲ್ಕು ಸಲ, ಐದೈದು ನಿಮಿಷ ಸಾಕು.

ಪೀಪಿ ಊದಿಸುವುದರಿಂದ, ಮೇಣದ ಬತ್ತಿ ಆರಿಸುವುದರಿಂದ ಮಾತು ಸುಧಾರಿಸುವುದಿಲ್ಲ, ಏಕೆಂದರೆ ಊದುವಾಗ ಅಂಗುಳ ಮುಚ್ಚುವ ರೀತಿಯೇ ಬೇರೆ. ಈ ಮಕ್ಕಳಲ್ಲಿ ನಡುಗಿವಿಯಲ್ಲಿ (ಕಿವಿಯ ತಮಟೆಯ ಹಿಂದೆ) ನೀರು ತುಂಬಿ ಕೇಳಿಸುವುದು ಕಡಿಮೆಯಾಗುವುದು ಬಹಳ ಸಾಮಾನ್ಯವಾದ್ದರಿಂದ, ಹಾಡಿಗೆ ಸ್ಪಂದಿಸದ ಮಗುವಿನ ಕಿವಿಯನ್ನು ಮೊದಲು ಪರೀಕ್ಷೆ ಮಾಡಿಸಿ. ತುಟಿ, ನಾಲಿಗೆ ಸರಿಯಾದ ಜಾಗಕ್ಕೇ ತಾಗುತ್ತಿದ್ದರೂ ಉಸಿರು ಮೂಗಿನಿಂದ ಸೋರುತ್ತಲೇ ಇದ್ದರೆ ಅಭ್ಯಾಸವನ್ನು ಹೆಚ್ಚಿಸಬೇಡಿ, ಮಗುವನ್ನು ಗದರಿಸಬೇಡಿ. ಅಲ್ಲಿ ಮೂಗಿನ ದಾರಿ ಮುಚ್ಚಲು ಅಂಗುಳವೇ ಸಾಲದಿರಬಹುದು, ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅಂಥ ತಪಾಸಣೆಗೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು.